ಹನ್ನೊಂದನೇ ಬೆಡ್ ಯಾರದು?

"ನಮ್ಮ ಕಸುಬಲ್ಲಿ ಅಳತೆ ತಪ್ಪಿದ್ರೆ ಗಿರಾಕಿ ಬಂದು ಬೈತಾನೆ. ನಿಮ್ಮ ಕಸುಬಲ್ಲಿ ತಪ್ಪಿದ್ರೆ ಬೈಯೋಕೆ ಗಿರಾಕೀನೇ ಇರಲ್ಲ, ಅಲ್ವೇನಮ್ಮ?"

ಹನ್ನೊಂದನೇ ಬೆಡ್ಡಿನ ದರ್ಜಿ ಹೀಗೆ ಹೇಳಿ ತಾವೇ ನಕ್ಕರು. ಬೆಳಿಗ್ಗೆಯಷ್ಟೇ ಅವರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಸೊಂಟದ ಕೆಳಗೆ ಇನ್ನೂ ಮರಗಟ್ಟಿದ್ದರೂ ಬಾಯಿ ಮಾತ್ರ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ಮಧ್ಯಾಹ್ನದ ಪಾಳಿಗೆ ಆಗಷ್ಟೇ ಬಂದಿದ್ದ ನಾನು ನಗುತ್ತಲೇ, ಕಾಲಿನ ಬಣ್ಣ ಹೇಗಿದೆ ನೋಡೋಣವೆಂದು ಹೊದಿಕೆಯನ್ನು ಬಲಬದಿಯಿಂದ ಎತ್ತಿದೆ. ಎಡ ಪಾದಕ್ಕೆ ಒತ್ತಿಕೊಂಡು ಬಿಸಿನೀರಿನ ಬ್ಯಾಗೊಂದು ಮಲಗಿತ್ತು. ಪಾದದ ಹೊರಬದಿ ಕೆಂಪಗಾಗಿ, ಹಿಮ್ಮಡಿಯ ಮೇಲೆ ದೊಡ್ಡ ಬೊಬ್ಬೆ ಎದ್ದಿತ್ತು.

ರೋಗಿಯ ಮುಂದೆ ಕೂಗಬಾರದೆಂದು ನಮಗೆ ಕಲಿಸಿದ್ದರು. ಹಾಗಾಗಿ ಬ್ಯಾಗನ್ನು ಎಳೆದು ನೆಲಕ್ಕೆ ಹಾಕಿ, "ದುರ್ಬೀನೂ, ಸ್ವಲ್ಪ ಬಾರೇ ಇಲ್ಲಿ" ಎಂದಷ್ಟೇ ಹೇಳಿದೆ. ಬೆರಳುಗಳು ಇನ್ನೂ ಚುರುಗುಟ್ಟುತ್ತಿದ್ದವು. ಬ್ಯಾಗಿಗೆ ದಪ್ಪ ಬಟ್ಟೆಯ ಚೀಲ ತೊಡಿಸಿದ್ದರೂ ಅಷ್ಟು ಬಿಸಿ ಇತ್ತು.

ನನ್ನ ಜೊತೆಗೇ ನರ್ಸಿಂಗ್ ಕಲಿಯುತ್ತಿದ್ದ ದುರ್ಬೀನು ಬಂದಳು, ಒಂದೇ ನೋಟಕ್ಕೆ ಎಲ್ಲ ಅರ್ಥಮಾಡಿಕೊಂಡಳು. ಪಾದವನ್ನು ಹೊರಗೆ ತೆಗೆಯಲು ಎಡಬದಿಗೆ ಹೋದವಳು ಅಲ್ಲಿ ಹೊದಿಕೆಯ ಮೂಲೆಯನ್ನು ಬಿಚ್ಚುವ ಮುಂಚೆ ಅರೆಗಳಿಗೆ ನಿಂತು ನೋಡಿದಳು. ಆ ಮೂಲೆ ಪಾರ್ಸೆಲ್ ಕಟ್ಟಿದ ಹಾಗೆ ಚೌಕವಾಗಿ, ಅಚ್ಚುಕಟ್ಟಾಗಿ ಹಾಸಿಗೆಯ ಕೆಳಗೆ ಹೋಗಿತ್ತು.

"ಏನೇ ನೋಡ್ತಾ ನಿಂತೆ? ಬಿಚ್ಚೇ ಬೇಗ!"

"ಬಿಚ್ತೀನಿ. ನೀನೂ ನೋಡ್ಕೊ ಒಂದ್ಸಲ" ಎಂದು ಮೂಲೆ ಬಿಚ್ಚಿ, ತಣ್ಣೀರಿನ ಬಟ್ಟೆ ತರಲು ಓಡಿದಳು.

"ಏನಾಯ್ತಮ್ಮ? ಕಾಲು ಇದೆ ತಾನೇ?" ಎಂದರು ದರ್ಜಿ. ಇನ್ನೂ ನಗುತ್ತಲೇ ಇದ್ದರು, ಪಾಪ.

ಡಾಕ್ಟರು ಬಂದರು. ಪಾದ ನೋಡಿ ಅವರ ಮುಖ ಗಂಟಾಯಿತು. "ಈ ಬೆಡ್ ಯಾರದು?" ಎಂದು ಗುಡುಗಿದರು. ನಮ್ಮ ವಾರ್ಡಿನ ಮುಖ್ಯಸ್ಥೆಯಾದ ದೊಡ್ಡ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು. ಅವರ ತುಟಿ ಅಲುಗಿತು. ಅಷ್ಟರಲ್ಲಿ ಊಟ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದ ಮೊದಲ ವರ್ಷದ ಹುಡುಗಿಯೊಬ್ಬಳು, "ನಂದು ಸರ್" ಎಂದಳು. ನಾವೆಲ್ಲ ಅವಳನ್ನು ಮೊಲ ಎಂದು ಕರೆಯುತ್ತಿದ್ದೆವು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ಬೆಚ್ಚುವವಳು, ಆ ಮಾತನ್ನು ಮಾತ್ರ ಸ್ಪಷ್ಟವಾಗಿ ಹೇಳಿದಳು. ಆ ಒಂದು ಮಾತಿಗೆ ಅವಳ ಕತೆ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು.

ಇದೆಲ್ಲ ನಡೆದು ಎಷ್ಟೋ ಕಾಲವಾಯಿತು. ನಾನು ಈಗ ನಿವೃತ್ತಳು. ಮೊಮ್ಮಕ್ಕಳಿಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವುದಷ್ಟೇ ಉಳಿದಿರುವ ಕೆಲಸ, ಅದಕ್ಕೂ ಸೊಸೆ ಯಂತ್ರ ತಂದಿಟ್ಟಿದ್ದಾಳೆ. ಆದರೆ ಕಣ್ಣು ಮುಚ್ಚಿದರೆ ಆ ಉದ್ದನೆಯ ವಾರ್ಡು ಹಾಗೇ ಬರುತ್ತದೆ. ಫಿನಾಯಿಲ್ ವಾಸನೆ, ಕುದಿಯುವ ನೀರಿನಲ್ಲಿ ಟಣಗುಡುವ ಗಾಜಿನ ಸಿರಿಂಜುಗಳು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಟೋಪಿಗಳು. ಆ ಟೋಪಿ ತಲೆಯ ಮೇಲೆ ನಿಲ್ಲುವುದಕ್ಕೆ ಹಾಕುತ್ತಿದ್ದ ಪಿನ್ನುಗಳ ನೋವು ಈಗಲೂ ನೆತ್ತಿಯಲ್ಲಿದೆ. ಆ ಪಿನ್ನುಗಳನ್ನು ಮತ್ತೆ ಯಾರಾದರೂ ಚುಚ್ಚುತ್ತಾರೆಂದರೆ ಈಗಲೂ ತಲೆ ಬಗ್ಗಿಸಿ ನಿಂತುಬಿಡುತ್ತೇನೆ, ಅಷ್ಟು ಆಸೆ.

ದುರ್ಬೀನು ನನ್ನ ರೂಮ್‌ಮೇಟು. ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕದಿಂದ ಅವಳಿಗೆ ಆ ಹೆಸರು. ಯಾವಾಗಲೂ ಅವಳ ಹಿಂದೆಯೇ ಇರುತ್ತಿದ್ದ ನನಗೆ ಬಾಲ ಎಂಬ ಬಿರುದು. ಕೋಪ ಬರಲಿಲ್ಲವೇ ಎಂದರೆ ಬಂತು, ಆದರೆ ಬಾಲವಾಗಿ ನೋಡಿದ ತಮಾಷೆಗಳು ತಲೆಯಾಗಿದ್ದರೆ ಸಿಗುತ್ತಿರಲಿಲ್ಲ. ಇಡೀ ಹಾಸ್ಟೆಲಿಗೆ ಅವಳೇ ಖಾಯಂ ಪತ್ತೇದಾರಳು. ಯಾರದೋ ಸೋಪು ಕಾಣೆಯಾಗಲಿ, ಊಟದ ಮನೆಯ ಗಡಿಯಾರ ತಾನಾಗಿಯೇ ಮುಂದೆ ಓಡಲಿ, ದೂರು ನಮ್ಮ ರೂಮಿಗೆ ಬರುತ್ತಿತ್ತು. ಗಡಿಯಾರ ಓಡಿಸಿದ್ದು ಅಡುಗೆಯವಳೆಂದು ಕಂಡುಹಿಡಿದ ದಿನ ನಮಗಿಬ್ಬರಿಗೂ ಎರಡೆರಡು ಸಲ ಬಡಿಸಿದ್ದಳು, ಬಾಯಿ ಮುಚ್ಚಿಸಲು.

ದೊಡ್ಡ ಸಿಸ್ಟರನ್ನು ಕಂಡರೆ ನಮಗೆಲ್ಲ ಭಯ, ಭಕ್ತಿ, ಅದಕ್ಕಿಂತ ಹೆಚ್ಚಾಗಿ ಪ್ರೀತಿ. ಕುದಿಯುವ ನೀರಿನಿಂದ ಸ್ಟೀಲ್ ಟ್ರೇಯನ್ನು ಬರಿಗೈಯಲ್ಲಿ ಎತ್ತಿ, ನಾವು ಊಫ್ ಊಫ್ ಎಂದು ಕೈ ಕೊಡವುವುದನ್ನು ನೋಡಿ, "ಏನ್ರೇ ಹೂವಿನ ಕೈಗಳು!" ಎಂದು ನಗುತ್ತಿದ್ದರು. ಹಾಸಿಗೆಯ ಮೂಲೆ ಸರಿಯಾಗಿರದಿದ್ದರೆ ಇಡೀ ಹಾಸಿಗೆ ಕಿತ್ತು ಹಾಕಿಸುತ್ತಿದ್ದರು. "ನಾನೂ ಮೇಟ್ರನ್ನೂ ಕಲಿಯೋವಾಗ ಚೌಕ ಮಡಿಕೆ ಇತ್ತು. ಹೊಸ ಟ್ಯೂಟರ್ ಬಂದ್ಮೇಲೆ ಓರೆ ಮಡಿಕೆ. ನಿಮಗೆ ಅದೇ ಸಾಕು, ಹಳೇದು ಕಲಿತು ತಲೆ ಕೆಡಿಸ್ಕೋಬೇಡಿ" ಎನ್ನುತ್ತಿದ್ದರು. ಮೇಟ್ರನ್ ಎಂದರೆ ಆಸ್ಪತ್ರೆಯ ಸಿಸ್ಟರುಗಳಿಗೆಲ್ಲ ಮೇಲಿನವರು.

ಅವರ ವಾರ್ಡಿನಲ್ಲಿ ಒಂದು ಪದ್ಧತಿ ಇತ್ತು. ಬೇರೆ ವಾರ್ಡುಗಳಲ್ಲಿ ಕಲಿಯುವ ಹುಡುಗಿಯರು ದೊಡ್ಡವರ ಹಿಂದೆ ಟ್ರೇ ಹಿಡಿದು ತಿರುಗಿದರೆ ಸಾಕಿತ್ತು. ಇಲ್ಲಿ ಮೊದಲ ವರ್ಷದವಳಿಗೂ ಬೆಡ್ ಹಂಚುತ್ತಿದ್ದರು. ಅವಳ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮಂಚದ ಕಂಬಿಗೆ ತೂಗಿಹಾಕಿ, "ಬೆಡ್ ನಿಂದು ಅಂದ್ರೆ ನಿಂದೇ. ನನ್ನನ್ನ ಏನೂ ಕೇಳ್ಬೇಡ" ಎಂದುಬಿಡುತ್ತಿದ್ದರು. ಬಿಲ್ಲೆ ಸಿಕ್ಕ ದಿನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಡುಕವೂ ಅಷ್ಟೇ ಇರುತ್ತಿತ್ತು.

ಆ ಸಂಜೆ ನಮ್ಮ ಪಾಳಿ ಮುಗಿದೊಡನೆ ಮೊಲ ನಮ್ಮ ರೂಮಿಗೆ ಬಂದಳು. ಅತ್ತೂ ಅತ್ತೂ ಮೂಗು ನಿಜವಾಗಿಯೂ ಮೊಲದ್ದೇ ಆಗಿತ್ತು.

"ಅಕ್ಕಾ, ನಾಳೆ ಬೆಳಿಗ್ಗೆ ಮೇಟ್ರನ್ ಮೇಡಂ ಮುಂದೆ ಹೋಗ್ಬೇಕಂತೆ. ಅಪ್ಪಂಗೂ ಬರೋಕೆ ಹೇಳಿ ಕಳ್ಸಿದಾರೆ. ಪೆಟ್ಟಿಗೆ ಕಟ್ಕೊ ಅಂದ್ರು. ಇಲ್ಲಿಂದ ಹೊರಗೆ ಹಾಕಿದ್ರೆ ಬೇರೆ ಯಾವ ಸ್ಕೂಲೂ ಸೇರಿಸ್ಕೊಳಲ್ಲ."

ಅವಳಪ್ಪ ಬಸ್ ಕಂಡಕ್ಟರು. ಮಗಳು ಸಿಸ್ಟರ್ ಆಗುತ್ತಾಳೆಂದು ತನ್ನ ಬಸ್ಸಿನ ಕೊನೆಯ ಸೀಟಿನವರಿಗೂ ಹೇಳಿ ಮುಗಿಸಿದ್ದವರು.

"ಅಳೋದು ಆಮೇಲೆ. ಬ್ಯಾಗ್ ಇಟ್ಟಿದ್ದು ನೀನೇನೇ?" ಎಂದಳು ದುರ್ಬೀನು.

"ಇಲ್ಲಕ್ಕಾ!"

"ಮತ್ತೆ 'ನಂದು' ಅಂತ ಯಾಕೆ ಅಂದೆ ಮಾರಾಯ್ತಿ?" ಎಂದು ನಾನು ಬಾಯಿ ಹಾಕಿದೆ.

"ಬೆಡ್ ಯಾರದು ಅಂತ ಕೇಳಿದ್ರು. ಬೆಡ್ ನಂದೇ ಅಲ್ವಾ?"

ನಾನು ಹಣೆ ಚಚ್ಚಿಕೊಂಡೆ. ದುರ್ಬೀನು ಮಾತ್ರ ಅವಳನ್ನು ಮಂಚದ ಮೇಲೆ ಕೂರಿಸಿ, ನೀರು ಕೊಟ್ಟು, ನಡೆದದ್ದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದಳು. ಆಪರೇಷನ್ ಥಿಯೇಟರಿನಿಂದ ಬಂದ ದರ್ಜಿ ಗಡಗಡ ನಡುಗುತ್ತಿದ್ದರಂತೆ. ಬಿಸಿನೀರಿನ ಬ್ಯಾಗ್ ಇಡಲೇ ಎಂದು ಇವಳು ದೊಡ್ಡ ಸಿಸ್ಟರನ್ನು ಕೇಳಿದಳು. "ಅದನ್ನೂ ನನ್ನ ಕೇಳ್ಬೇಕಾ? ಬೆಡ್ ನಿಂದು ತಾನೇ?" ಎಂದರಂತೆ ಅವರು, ಇಡೀ ವಾರ್ಡಿಗೆ ಕೇಳುವ ಹಾಗೆ. ನೀರಿನ ಬಿಸಿ ಅಳೆಯುವ ಥರ್ಮಾಮೀಟರು ಹಿಂದಿನ ದಿನವೇ ಒಡೆದಿತ್ತು. ಅಳೆಯದೆ ನೀರು ತುಂಬಬಾರದೆಂದು ಕಲಿಸಿದ್ದರಲ್ಲ, ಇವಳು ಅಂಗಳ ದಾಟಿ ಮಕ್ಕಳ ವಾರ್ಡಿಗೆ ಸಾಲ ತರಲು ಓಡಿದಳು. ಅಲ್ಲಿನ ಸಿಸ್ಟರ್, ಬಂದದ್ದೇ ಬಂದೆ ಎಂದು ರಚ್ಚೆ ಹಿಡಿದ ಮಗುವೊಂದನ್ನು ಇವಳ ಕೈಗೆ ಕೊಟ್ಟು ಇಂಜೆಕ್ಷನ್ ಮುಗಿಸಿಕೊಂಡರು.

"ವಾಪಸ್ ಬರೋಷ್ಟ್ರಲ್ಲಿ ದರ್ಜಿ ಅಣ್ಣನ ನಡುಕ ನಿಂತಿತ್ತು. ನಿದ್ದೆ ಮಾಡ್ತಿದ್ರು. ಇನ್ನು ಬ್ಯಾಗ್ ಯಾಕೆ ಅಂತ ಸುಮ್ಮನಾದೆ. ಆಮೇಲೆ ಊಟಕ್ಕೆ ಕಳ್ಸಿದ್ರು."

"ಹೊದಿಕೆ ಎತ್ತಿ ನೋಡಿದ್ಯಾ?"

ಮೊಲ ತಲೆ ಬಗ್ಗಿಸಿದಳು. "ಇಲ್ಲ. ಅದೇ ನನ್ನ ತಪ್ಪು."

"ಸಾಲ ತಂದ ಥರ್ಮಾಮೀಟರ್ ಎಲ್ಲಿ?"

ಅವಳು ಏಪ್ರನ್ ಜೇಬಿನಿಂದ ತೆಗೆದು ಕೊಟ್ಟಳು. ಮಕ್ಕಳ ವಾರ್ಡಿನವರು ಒಡೆಯದಿರಲೆಂದು ಡಬ್ಬಿಗೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಸುತ್ತಿ, ಗುರುತಿಗೆಂದು ಮಗುವಿನ ಕೈಗೆ ಕಟ್ಟುವ ಕೆಂಪು ದಾರದಿಂದ ಬಿಗಿದಿದ್ದರು. ಗಂಟು ಹಾಗೇ ಇತ್ತು. ದುರ್ಬೀನು ಅದನ್ನು ಬಿಚ್ಚದೆ ಕಪಾಟಿನಲ್ಲಿಟ್ಟು, "ಬಾರೇ ಬಾಲ" ಎಂದಳು. ಬಾಲ ಎದ್ದಿತು.

ವಾರ್ಡಿನಲ್ಲಿ ದರ್ಜಿಗೆ ಈಗ ಕಾಲಿನ ಅರಿವು ಮರಳಿ ತಮಾಷೆ ಇಳಿದುಹೋಗಿತ್ತು. ಹಲ್ಲು ಕಚ್ಚಿಕೊಂಡೇ ಉತ್ತರ ಕೊಟ್ಟರು.

"ಯಾರೋ ಬಂದ್ರಮ್ಮ. 'ಇನ್ನೇನು ಸರಿ ಹೋಗುತ್ತೆ, ಮಲಕ್ಕೊಳ್ಳಿ' ಅಂದ್ರು. ಕಾಲ ಕಡೆ ಏನೋ ಮಾಡಿದ್ರು. ಮುಖ ಕಾಣ್ಲಿಲ್ಲ, ಕನ್ನಡಕ ಇರ್ಲಿಲ್ವಲ್ಲ. ತಲೆ ಮೇಲೆ ಬೆಳ್ಳಗೆ ಟೋಪಿ ಮಾತ್ರ ಗೊತ್ತಾಯ್ತು. ನಿದ್ದೆ ಮಂಪರು ಬೇರೆ, ದನಿ ನೆನಪಿಲ್ಲ."

ಬಾಯ್ಲರ್ ನೋಡಿಕೊಳ್ಳುವ ಆಯಮ್ಮ ನಮ್ಮನ್ನು ಕಂಡೊಡನೆ ಸೊಂಟಕ್ಕೆ ಕೈ ಇಟ್ಟಳು. "ನನ್ನ ತಲೆಗೆ ಕಟ್ಬೇಡಿ ಮತ್ತೆ! ಆಗ ನಾನು ಊಟದ ಗಾಡಿ ತಳ್ತಿದ್ದೆ. ಕೇಳೋದಾದ್ರೆ ಆ ಯಮ್ಮನ್ನ ಕೇಳಿ, ಫ್ಲಾಸ್ಕ್ ಹಿಡ್ಕೊಂಡು ಒಳಗೆ ನುಗ್ಗಿದ್ಲು!"

ಆ ಯಮ್ಮ ಎಂದರೆ ದರ್ಜಿಯ ಹೆಂಡತಿ. ವರಾಂಡದ ಬೆಂಚಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ನನಗೆ ಅವರ ಮೇಲೆಯೇ ಅನುಮಾನ ಬಂತು. ಗಂಡ ನಡುಗುತ್ತಿದ್ದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಆದರೆ ಫ್ಲಾಸ್ಕ್ ಬಿಚ್ಚಿದರೆ ಅದರಲ್ಲಿ ಹಾಲು ಕಂಠದವರೆಗೂ ಹಾಗೇ ಇತ್ತು. "ಡಾಕ್ಟರು ಕುಡಿಸ್ಬೇಡಿ ಅಂದ್ರು, ನಾನು ಮುಚ್ಚಳ ಕೂಡ ತೆಗೀಲಿಲ್ಲಮ್ಮ" ಎಂದರು.

ಕೊನೆಗೆ ದೊಡ್ಡ ಸಿಸ್ಟರ ಕೋಣೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮೇಜಿನ ಮೇಲೆ ಊಟದ ತಟ್ಟೆ ಮುಟ್ಟದೆ ಬಿದ್ದಿತ್ತು.

"ಸಿಸ್ಟರ್, ಮೊಲದ ವಿಷ್ಯ..." ಎಂದಳು ದುರ್ಬೀನು. "ಅವಳು ಬ್ಯಾಗ್ ಇಟ್ಟಿಲ್ಲ ಅಂತಾಳೆ. ನಿಮಗೇನಾದ್ರೂ ಹೇಳೋದಿದ್ಯಾ?"

"ನಾಳೆ ನೋಡೋಣ ಹೋಗಿ" ಎಂದರು. ಅಷ್ಟೇ. ದುರ್ಬೀನುವಿನ ಟೋಪಿ ಒಂದು ಕಿವಿಯ ಮೇಲೆ ಜಾರಿ ಕೂತಿತ್ತು, ಅದಕ್ಕೂ ಬೈಯಲಿಲ್ಲ. ಹೊರಗೆ ಬಂದ ಮೇಲೆ ದುರ್ಬೀನು ಟೋಪಿಯನ್ನು ತಾನೇ ನೆಟ್ಟಗೆ ಮಾಡಿಕೊಂಡಳು.

"ಏನೇ, ಗೊತ್ತಾಯ್ತಾ?" ಎಂದು ಕೇಳಿದೆ.

"ಗೊತ್ತಾಗ್ದಿದ್ರೆ ಚೆನ್ನಾಗಿತ್ತು" ಎಂದಳು. ಎಷ್ಟು ಕೆಣಕಿದರೂ ಮುಂದೆ ಹೇಳಲಿಲ್ಲ. ಅವಳ ಈ ಬುದ್ಧಿಗೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬೆಳಿಗ್ಗೆ ಮೇಟ್ರನ್ ಎಲ್ಲರನ್ನೂ ಕರೆಸಿದ್ದು ನಾವು ಹಾಸಿಗೆ ಹಾಕುವುದನ್ನು, ಸ್ಪಂಜು ಮಾಡುವುದನ್ನು ಕಲಿಯುತ್ತಿದ್ದ ಕೋಣೆಗೆ. ಅಲ್ಲಿ ಒಂದು ಮಂಚ, ಮಂಚದ ಮೇಲೆ ಆಳೆತ್ತರದ ಬಟ್ಟೆಯ ಬೊಂಬೆ. ಅದಕ್ಕೆ ನಾವಿಟ್ಟ ಹೆಸರು ಮೌನಿಮಾವ. ಎಷ್ಟು ಬ್ಯಾಚಿನ ಹುಡುಗಿಯರು ಅವನಿಗೆ ಸ್ನಾನ ಮಾಡಿಸಿದ್ದರೋ, ಮೂಗು ಸವೆದು ಮಾಯವಾಗಿತ್ತು. ದುರ್ಬೀನು ಮೊದಲೇ ಹೋಗಿ ಮೇಟ್ರನ್ ಹತ್ತಿರ ಸ್ವಲ್ಪ ಹೊತ್ತು ಮಾತಾಡಲು ಅನುಮತಿ ಕೇಳಿಕೊಂಡಿದ್ದಳು. "ನಮ್ಮ ಹಾಸ್ಟೆಲಿನ ಪತ್ತೇದಾರಳು! ಆಗ್ಲಿ, ನೋಡೋಣ" ಎಂದು ಅವರು ಹುಬ್ಬೇರಿಸಿದ್ದರಂತೆ.

ದರ್ಜಿಯ ಹೆಂಡತಿ, ಆಯಮ್ಮ, ದೊಡ್ಡ ಸಿಸ್ಟರ್, ಮೊಲ, ನಾವಿಬ್ಬರು, ಎಲ್ಲರೂ ಮಂಚದ ಸುತ್ತ ನಿಂತೆವು. ತೆರೆದ ಬಾಗಿಲಿನಿಂದ ವರಾಂಡದ ಬೆಂಚು ಕಾಣುತ್ತಿತ್ತು. ಖಾಕಿ ಅಂಗಿಯ ಕಂಡಕ್ಟರು ಅಲ್ಲಿ ಕೂತು, ಪೆಟ್ಟಿಗೆ ಬಿಗಿಯಲು ತಂದಿದ್ದ ಹಗ್ಗವನ್ನು ಸುತ್ತುತ್ತ ಬಿಚ್ಚುತ್ತ ಇದ್ದರು.

"ಆಡಳಿತದವರು ಒಂದೇ ಮಾತು ಹೇಳ್ತಿದಾರೆ" ಎಂದರು ಮೇಟ್ರನ್. "ಕಲಿಯೋ ಹುಡುಗಿಯರ ಕೈಗೆ ರೋಗಿಗಳನ್ನ ಕೊಡೋದೇ ಬೇಡ, ದೂರ ನಿಂತು ನೋಡ್ಲಿ ಅಂತ. ಈ ಹುಡುಗೀನ ಇಟ್ಕೊಂಡು ಅವರಿಗೆ ನಾನೇನು ಹೇಳ್ಲಿ? ಹೂಂ, ನೀನು ಹೇಳೋದು ಹೇಳು" ಎಂದು ದುರ್ಬೀನು ಕಡೆ ತಿರುಗಿದರು.

ದುರ್ಬೀನು ಬಾಯ್ಲರಿನಿಂದ ನೀರು ತುಂಬಿದ ಬ್ಯಾಗೊಂದನ್ನು ಚೀಲದ ಸಮೇತ ತಂದಿದ್ದಳು. ಅದನ್ನು ಎರಡು ಬೆರಳಲ್ಲಿ ಹಿಡಿದಿದ್ದಳು. "ಎಲ್ಲರೂ ಒಂದ್ಸಲ ಅಂಗೈಯಲ್ಲಿ ಹಿಡ್ಕೊಂಡು ನೋಡಿ. ಆಗದಿದ್ರೆ ಬಿಟ್ಬಿಡಿ."

ಮೇಟ್ರನ್ ಹಿಡಿದು "ಅಯ್ಯೋ!" ಎಂದು ಕೈಬಿಟ್ಟರು. ಮೊಲ ಮುಟ್ಟಿದಳು, ಹಿಂದೆ ಸರಿದಳು. ನಾನೂ ಅಷ್ಟೇ. ಆಯಮ್ಮ ಸೆರಗಿನಿಂದ ಹಿಡಿಯಲು ನೋಡಿ ಬೈಸಿಕೊಂಡಳು. ಬ್ಯಾಗ್ ದೊಡ್ಡ ಸಿಸ್ಟರ ಕೈಗೆ ಬಂತು. ಅವರು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತರು, ಮುಂದಿನವರಿಗೆ ಕೊಡಲು ಕಾಯುತ್ತಿರುವ ಹಾಗೆ. ಮುಂದೆ ಯಾರೂ ಇರಲಿಲ್ಲ.

"ಸಿಸ್ಟರ್, ಅದನ್ನ ಹಾಗೇ ಮೌನಿಮಾವನ ಎಡಗಾಲ ಹತ್ರ ಇಟ್ಬಿಡ್ತೀರಾ?" ಎಂದಳು ದುರ್ಬೀನು ಮೆಲ್ಲಗೆ. ಅವಳ ದನಿಯಲ್ಲಿ ಗೆದ್ದವರ ಸಂತೋಷ ಒಂದಿಷ್ಟೂ ಇರಲಿಲ್ಲ.

ಸಿಸ್ಟರ್ ಬಗ್ಗಿ ಹೊದಿಕೆಯ ಮೂಲೆ ಎಳೆದು ಬ್ಯಾಗ್ ಇಟ್ಟರು. ನಂತರ ಕೈಗಳು ತಾವಾಗಿಯೇ ಕೆಲಸ ಮುಗಿಸಿದವು. ಅಂಚು ನೇರ ಕೆಳಕ್ಕೆ, ಬದಿ ಒಳಕ್ಕೆ, ಒಂದು ತಟ್ಟು. ಉಳಿದ ಮೂರು ಮೂಲೆಗಳು ನಾವು ಹಾಕಿದ ಓರೆ ಮಡಿಕೆ, ಇದೊಂದು ಮಾತ್ರ ಚೌಕ. ಅವರು ಅದನ್ನು ನೋಡಿದರು. ತಮ್ಮ ಎರಡು ಕೈಗಳನ್ನೂ ನೋಡಿಕೊಂಡರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು.



"ಬಿಡಿಸಿ ಹೇಳು" ಎಂದರು ಮೇಟ್ರನ್.

"ದರ್ಜಿ ಅಣ್ಣ ನೋಡಿದ್ದು ಬಿಳಿ ಟೋಪಿ ಮೇಡಂ" ಎಂದು ದುರ್ಬೀನು ಶುರುಮಾಡಿದಳು. "ಅವರ ಮನೆಯವರೂ ಆಯಮ್ಮನೂ ಟೋಪಿ ಹಾಕಲ್ಲ. ಅಲ್ಲಿಗೆ ಅವರಿಬ್ರೂ ಇಲ್ಲ. ಉಳಿದವರು ನಾವು, ಟೋಪಿಯವರು. ಬ್ಯಾಗ್ ಸಿಕ್ಕಾಗ ಎಡಗಾಲ ಕಡೆಯ ಮೂಲೆ ಚೌಕವಾಗಿತ್ತು. ಬಾಲಾನೂ ನೋಡಿದಾಳೆ. ಬೆಡ್ ಹಾಕಿದ್ದು ಮೊಲ, ಮಿಕ್ಕಿದ್ದೆಲ್ಲ ಓರೆ. ಅಂದ್ರೆ ಅವಳು ಹಾಕಿದ ಮೇಲೆ ಯಾರೋ ಆ ಮೂಲೆ ಬಿಚ್ಚಿ, ಬ್ಯಾಗ್ ಇಟ್ಟು, ತಮ್ಮ ಅಭ್ಯಾಸದ ಹಾಗೆ ಮಡಿಸಿದಾರೆ. ನಮ್ಮಲ್ಲಿ ಒಬ್ಬಳಿಗೂ ಚೌಕ ಮಡಿಕೆ ಬರಲ್ಲ, ಕಲಿಸೇ ಇಲ್ಲ. ಅದನ್ನ ಕಲಿತವರು ಆಸ್ಪತ್ರೇಲಿ ಉಳಿದಿರೋದು ಇಬ್ರೇ."

"ನಾನೂ ಒಬ್ಬಳು" ಎಂದರು ಮೇಟ್ರನ್.

"ಹೌದು ಮೇಡಂ. ಅದಕ್ಕೇ ಬ್ಯಾಗ್ ಹಿಡಿಸ್ದೆ. ಆ ನೀರು ಅಷ್ಟು ಬಿಸಿ ಇತ್ತು ಅಂದ್ರೆ ತುಂಬಿದವರಿಗೇ ಕೈ ಸುಡ್ಬೇಕಿತ್ತು. ಸುಟ್ಟಿದ್ರೆ ರೋಗಿಗೆ ಇಡ್ತಿರ್ಲಿಲ್ಲ. ಬೇಕಂತ ಮಾಡಿದವರು ಮೂಲೆ ಅಷ್ಟು ಅಕ್ಕರೆಯಿಂದ ಮಡಿಸಲ್ಲ. ಹಾಗಾದ್ರೆ ಇಟ್ಟವರ ಕೈಗೆ ಬಿಸಿ ಗೊತ್ತಾಗಿಲ್ಲ. ವರ್ಷಗಟ್ಟಲೆ ಕುದಿಯೋ ನೀರಲ್ಲಿ ಕೈ ಹಾಕಿ ಹಾಕಿ ಮರಗಟ್ಟಿದ ಕೈ ಅದು. ನೀವು ಕೈ ಬಿಟ್ರಿ. ಇನ್ನು ಮೊಲ ತಂದ ಥರ್ಮಾಮೀಟರ್ ಇಲ್ಲಿದೆ, ಮಕ್ಕಳ ವಾರ್ಡಿನ ಗಂಟು ಬಿಚ್ಚಿಲ್ಲ. ಅಳೆಯೋಕೆ ಅಂತ ಅಷ್ಟು ದೂರ ಓಡಿದವಳು ಅಳೆಯದೆ ತುಂಬ್ತಾಳಾ?"

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ನಿನ್ನೆ ಸಂಜೇನೇ ಗೊತ್ತಾಗಿತ್ತು ಮೇಡಂ. ಸಿಸ್ಟರೇ ಹೇಳ್ತಾರೆ ಅಂತ ಕಾಯ್ದೆ."

ದೊಡ್ಡ ಸಿಸ್ಟರ್ ತಲೆ ಎತ್ತದೆ ಮಾತಾಡಿದರು. "ಥಿಯೇಟರಿಂದ ಫೋನ್ ಬಂತು ಅಂತ ಓಡ್ತಿದ್ದೆ. ನೋಡಿದ್ರೆ ದರ್ಜಿ ನಡುಗ್ತಿದಾರೆ, ಹುಡುಗಿ ಎಲ್ಲೂ ಕಾಣ್ತಿಲ್ಲ. ಎಲ್ಲಿ ಹಾಳಾದ್ಲೋ ಅಂತ ಬೈಕೊಂಡು ನಾನೇ ತುಂಬಿ ಇಟ್ಟೆ. ಬರ್ತಾ ಅವಳಿಗೆ ಹೇಳ್ಬೇಕು ಅಂದ್ಕೊಂಡೆ. ಹೇಳಿದೀನಿ ಅಂತಲೇ ಮನಸ್ಸಲ್ಲಿ ಕೂತುಬಿಡ್ತು. ಡಾಕ್ಟರ್ ಕೇಳಿದಾಗ ಬಾಯಿ ತೆರೆದೆ, ಅಷ್ಟರಲ್ಲಿ ಇವಳು ನಂದು ಅಂದ್ಬಿಟ್ಲು. ಆ ಒಂದು ಗಳಿಗೆ ಸುಮ್ಮನಾದೆ. ಆಮೇಲೆ ಹೊತ್ತು ಹೋದ ಹಾಗೆಲ್ಲ ಬಾಯಿ ತೆರೆಯೋದು ಇನ್ನೂ ಕಷ್ಟ ಆಗ್ತಾ ಹೋಯ್ತು."

"ನನ್ನತ್ರಾನೂ ಹೇಳ್ಲಿಲ್ವಲ್ಲೇ ನೀನು" ಎಂದರು ಮೇಟ್ರನ್. ಅವರಿಬ್ಬರೂ ಒಂದು ಕಾಲದಲ್ಲಿ ನಮ್ಮ ಹಾಗೆಯೇ ಒಂದು ರೂಮಿನಲ್ಲಿದ್ದವರೆಂದು ನನಗೆ ಆಗ ಹೊಳೆಯಿತು. ಪಕ್ಕದಲ್ಲಿ ನಿಂತಿದ್ದ ದುರ್ಬೀನುವಿನ ಕೈಯನ್ನು ಸುಮ್ಮನೆ ಹಿಡಿದುಕೊಂಡೆ.

"ನಂದೂ ತಪ್ಪಿದೆ ಮೇಡಂ" ಎಂದಿತು ಒಂದು ಸಣ್ಣ ದನಿ. ಮೊಲ! "ಹೊದಿಕೆ ಎತ್ತಿ ನೋಡಿದ್ರೆ ಅಷ್ಟು ಸುಡ್ತಿರ್ಲಿಲ್ಲ. ಅದಕ್ಕೆ ಏನು ಶಿಕ್ಷೆ ಕೊಟ್ರೂ ತಗೋತೀನಿ. ದೂರ ನಿಂತು ನೋಡು ಅಂತ ಮಾತ್ರ ಹೇಳ್ಬೇಡಿ. ನೋಡ್ತಾ ನಿಂತ್ರೆ ನಾಳೆ ಯಾರೂ ಇಲ್ದಾಗ ನಾನೇನ್ ಮಾಡ್ಲಿ?"

ಮೇಟ್ರನ್ ಅವಳನ್ನೇ ನೋಡಿದರು. "ಅಷ್ಟು ತಪ್ಪು ನಿನ್ನದೇ. ಅದಕ್ಕೆ ನಿನಗೆ ಬೈಗುಳ ಇದೆ, ಸಂಜೆ ನನ್ನ ರೂಮಿಗೆ ಬಾ. ಮನೆಗೆ ಕಳಿಸೋಷ್ಟು ತಪ್ಪಲ್ಲ ಅದು."

"ಬೆಡ್ ಕೊಟ್ಟಿದ್ದು ತಪ್ಪಲ್ಲ" ಎಂದರು ದೊಡ್ಡ ಸಿಸ್ಟರ್. "ಕೊಟ್ಟು ನಾನು ಕೈ ತೊಳ್ಕೋತಿದ್ದೆ. ಏನೂ ಕೇಳ್ಬೇಡ ಅಂತಿದ್ದೆ. ಕೇಳೋಕೆ ಬಂದವಳನ್ನ ಎಲ್ಲರ ಮುಂದೆ ಓಡಿಸ್ದೆ. ಅಲ್ಲೇ ನಿಂತು ಇಬ್ರೂ ಸೇರಿ ತುಂಬಿದ್ರೆ ಆ ಮನುಷ್ಯ ಈಗಲೂ ನಗ್ತಾ ಮಲಗಿರ್ತಿದ್ರು." ದರ್ಜಿಯ ಹೆಂಡತಿಯ ಕಡೆ ತಿರುಗಿ ಕೈ ಮುಗಿದರು. "ತಪ್ಪಾಯ್ತಮ್ಮ."

ಆ ತಾಯಿ ಅಳುತ್ತ ಹೊರಗೆ ಹೋದರು. ಅವರು ಏನಾದರೂ ಹೇಳಬೇಕೆಂದು ನಿರೀಕ್ಷಿಸುವ ಹಕ್ಕೂ ನಮಗಿರಲಿಲ್ಲ.

ಕಂಡಕ್ಟರಿಗೆ ವಿಷಯ ಹೇಳುತ್ತೇನೆಂದು ಸಿಸ್ಟರೇ ಎದ್ದರು. ವರಾಂಡದಲ್ಲಿ ಅವರೇನು ಹೇಳಿದರೋ ಕೇಳಿಸಲಿಲ್ಲ. ಅವರು ಬೆಂಚಿನ ಮೇಲೆ ಆತನ ಪಕ್ಕದಲ್ಲೇ ಕೂತು ಮಾತಾಡಿದ್ದು ಕಂಡಿತು. ಆತ ಎದ್ದು ನಿಂತು, ಮತ್ತೆ ಕೂತು, ಹಗ್ಗವನ್ನು ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ತುರುಕಲು ನೋಡಿದರು. ಆಮೇಲೆ ಮಗಳ ತಲೆ ಸವರಿ, "ಟೋಪಿ ನೆಟ್ಟಗೆ ಹಾಕ್ಕೊಳೇ" ಎಂದು ಗದರಿ, ಡ್ಯೂಟಿಗೆ ತಡವಾಯಿತೆಂದು ಹೊರಟುಹೋದರು.

ಅಂದು ಸಂಜೆಯೊಳಗೇ ದೊಡ್ಡ ಸಿಸ್ಟರ್ ವಾರ್ಡಿನ ಮುಖ್ಯಸ್ಥೆಯ ಪಟ್ಟ ಕಳೆದುಕೊಂಡರು. ಅದು ಆಡಳಿತದ ತೀರ್ಮಾನ, ನ್ಯಾಯವೂ ಹೌದು ಎಂದು ಈಗ ಅನ್ನಿಸುತ್ತದೆ. ಆಗ ನಾವು ಹಾಸ್ಟೆಲಿನಲ್ಲಿ ಕೂತು ಅತ್ತಿದ್ದೆವು. ದುರ್ಬೀನು ಎಲ್ಲರಿಗಿಂತ ಹೆಚ್ಚು ಅತ್ತಳು, ಕನ್ನಡಕ ತೆಗೆದಿಟ್ಟು. ಆಮೇಲೆ ಅವಳು ಎಷ್ಟೋ ಗುಟ್ಟುಗಳನ್ನು ಬಿಡಿಸಿದಳು, ಆ ಪ್ರಕರಣದ ಹೆಸರನ್ನು ಮಾತ್ರ ತಾನಾಗಿ ಎತ್ತಲಿಲ್ಲ. ಅವಳು ತೀರಿಹೋಗಿ ಎರಡು ವರ್ಷವಾಯಿತು. ಅದಕ್ಕೇ ನಾನು ಹೇಳಬೇಕಾಗಿದೆ. ಕಲಿಯುವ ಹುಡುಗಿಯರನ್ನು ರೋಗಿಯಿಂದ ದೂರ ನಿಲ್ಲಿಸುವ ಮಾತಿಗೆ ಮೇಟ್ರನ್ ಒಪ್ಪಲಿಲ್ಲ. ಬೆಡ್ ಹುಡುಗಿಯದೇ, ಆದರೆ ಅವಳು ಮೊದಲ ಸಲ ಮಾಡುವ ಪ್ರತಿ ಕೆಲಸಕ್ಕೂ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರಬೇಕು ಎಂದು ಕಟ್ಟುನಿಟ್ಟು ಮಾಡಿದರು.

ಮೇಟ್ರನ್ ಮುಂದೆ ಸೇರಿದ್ದರ ಮಾರನೆಯ ಬೆಳಿಗ್ಗೆ ದರ್ಜಿಯ ಪಾದದ ಡ್ರೆಸ್ಸಿಂಗ್ ಇತ್ತು. ಸುಟ್ಟ ಗಾಯಕ್ಕೆ ಮೊಲ ಎಂದೂ ಕೈ ಹಚ್ಚಿರಲಿಲ್ಲ. ಅವಳು ಚಿಮಟ ಹಿಡಿದು ನಿಂತಾಗ, ಮುಖ್ಯಸ್ಥೆಯ ಗುರುತಾದ ಸೊಂಟದ ಪಟ್ಟಿ ಇಲ್ಲದ ಬರೀ ಬಿಳಿ ಸೀರೆಯಲ್ಲಿ ದೊಡ್ಡ ಸಿಸ್ಟರ್ ಬಂದರು. ಡ್ರೆಸ್ಸಿಂಗ್ ಟ್ರೇಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವಳ ಎಡಕ್ಕೆ ನಿಂತರು. ಟ್ರೇ ಹಿಡಿಯುವುದು ಎಲ್ಲರಿಗಿಂತ ಕಿರಿಯ ಹುಡುಗಿಯ ಕೆಲಸ. ವಾರ್ಡಿನಲ್ಲಿದ್ದ ನಾವೆಲ್ಲ ಕೆಲಸ ನಿಲ್ಲಿಸಿ ನೋಡಿದೆವು.

ಹಳೆಯ ಬಟ್ಟೆ ಬಿಡಿಸುತ್ತಿದ್ದಂತೆ ದರ್ಜಿ "ಅಮ್ಮಾ!" ಎಂದು ಕಿರುಚಿದರು. ಅವಳು ಗಕ್ಕನೆ ನಿಂತು ಸಿಸ್ಟರ ಮುಖ ನೋಡಿದಳು.

"ಸಿಸ್ಟರ್, ನೀವೇ..."

"ನೀನೇ ಮಾಡು. ಉಪ್ಪುನೀರು ಹಾಕಿ ನೆನೆಸು ಮೊದ್ಲು, ತಾನಾಗೇ ಬಿಡುತ್ತೆ" ಎಂದರು ಅವರು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಏನಾದ್ರೂ ಕೇಳ್ಬೇಕು ಅನ್ಸಿದ್ರೆ ಕೇಳು. ನಾನು ಎಲ್ಲೂ ಹೋಗಲ್ಲ."

ಅವಳು ಕೇಳಿದಳು. ಒಂದಲ್ಲ, ಹತ್ತು ಸಲ ಕೇಳಿದಳು. ಕೊನೆಯ ಸುತ್ತು ಬಟ್ಟೆ ಬಿಗಿಯುವವರೆಗೂ ಸಿಸ್ಟರ್ ಪ್ರತಿಯೊಂದಕ್ಕೂ ಉತ್ತರ ಹೇಳುತ್ತ, ಟ್ರೇ ಕೆಳಗಿಡದೆ ಅಲ್ಲೇ ನಿಂತಿದ್ದರು.